ಕಾಲು ಸೋತ ಕೋಳಿ ಸಾರಿಗಲ್ಲ

ಅಕ್ಕತಂಗಿಯರೇ,

ಕರು ಹಾಕಿದ ಮಾರನೇ ದಿನ ಹಸು ಮೇಲೇಳದಿದ್ದರೆ ನಾವೇನು ಮಾಡುತ್ತೇವೆ? ಕೈಲಿದ್ದ ಕೆಲಸ ಬಿಟ್ಟು ಡಾಕ್ಟರಿಗೆ ಫೋನ್ ಮಾಡುತ್ತೇವೆ. ಅವರು ಬಂದು ಹಾಲುಜ್ವರ ಎಂದು ಕ್ಯಾಲ್ಸಿಯಂ ಬಾಟಲಿ ಏರಿಸುತ್ತಾರೆ, ಹಸು ಎದ್ದು ನಿಲ್ಲುತ್ತದೆ. ಅದೇ ಹಿತ್ತಲಲ್ಲಿ ಒಂದು ಕೋಳಿ ಕಾಲು ಮಡಚಿ ಕೂತರೆ? "ಸಾಯೋಕೆ ಮುಂಚೆ ಕೊಯ್ದುಬಿಡಿ" ಎನ್ನುತ್ತೇವೆ. ಉಳಿದವನ್ನು ಸಂತೆಗೆ ಸಾಗಿಸುತ್ತೇವೆ.

ನಾನೂ ಹಾಗೇ ಮಾಡಿದವಳು. ಎರಡು ವರ್ಷದ ಹಿಂದೆ ಬೇಸಿಗೆಯಲ್ಲಿ ನಮ್ಮ ಹ್ಯಾಟೆಯೊಂದು ರೆಕ್ಕೆ ಇಳಿಬಿಟ್ಟು, ಹಸಿರು ಹಿಕ್ಕೆ ಹಾಕುತ್ತಾ ಕೂತಿತು. ಸಂಜೆಗೆ ಸಾರು ಮಾಡಿದೆ. ಪುಕ್ಕ, ಕರುಳು ಎಲ್ಲವನ್ನೂ ತಿಪ್ಪೆಗೆ ಎಸೆದೆ. ನಮ್ಮ ತಿಪ್ಪೆ ಕೆದಕಲು ಪಕ್ಕದ ಮನೆಯ ಕೋಳಿಗಳೂ ಬರುತ್ತವೆ. ಎರಡು ವಾರದಲ್ಲಿ ಆ ಮನೆಯ 11 ಕೋಳಿಗಳೂ ಒಂದೊಂದಾಗಿ ಕತ್ತು ತಿರುಚಿಕೊಂಡು ಸತ್ತವು. ಆ ಅಕ್ಕನಿಗೆ ಹಸುವಿಲ್ಲ. ಮೊಟ್ಟೆ ಮಾರಿದ ದುಡ್ಡಿನಲ್ಲೇ ಮಗಳ ನೋಟ್ ಪುಸ್ತಕ, ಮನೆಯ ಎಣ್ಣೆ, ಸೋಪು. ಅವರು ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಅದೇ ನನಗೆ ಇವತ್ತಿಗೂ ಚುಚ್ಚುತ್ತದೆ. ಲಕ್ಷಣ ಕೇಳಿದ ಪಶು ವೈದ್ಯರು, "ಇದು ಕೊಕ್ಕರೆ ರೋಗ ಕಣಮ್ಮ, ರಾಣಿಖೇತ್ ಅನ್ನೋದು ಇದನ್ನೇ. ಬಂದ ಮೇಲೆ ಔಷಧಿ ಇಲ್ಲ, ಬರದಂತೆ ಲಸಿಕೆ ಇದೆ" ಎಂದರು.

ಹಾಗಾದರೆ ಕಾಲು ಸೋತ ಕೋಳಿಯೆಲ್ಲ ರೋಗದ ಕೋಳಿಯೇ? ಅಲ್ಲ. ಅದಕ್ಕೇ ಕುಡುಗೋಲು ತೆಗೆಯುವ ಮೊದಲು ನೋಡಬೇಕು ಎನ್ನುವುದು.

ಮೊದಲ ಕೆಲಸ, ಅದನ್ನು ಬೇರೆ ಮಾಡುವುದು. ಉಳಿದ ಕೋಳಿಗಳಿಂದ ದೂರ, ನೆರಳಲ್ಲಿ, ಒಣ ಹುಲ್ಲು ಹಾಸಿ ಬುಟ್ಟಿ ಕವುಚಿ. ಕೂತಲ್ಲಿಗೇ ನೀರು, ಕಾಳು ಎಟುಕಬೇಕು. ಚೆನ್ನಾಗಿರುವ ಕೋಳಿಗಳನ್ನು ನೋಡಿಕೊಂಡ ಮೇಲೆ ಕೊನೆಯಲ್ಲಿ ಇದನ್ನು ಮುಟ್ಟಿ, ಸೋಪಿನಿಂದ ಕೈ ತೊಳೆದೇ ಕೆಚ್ಚಲಿಗೆ ಕೈ ಹಾಕಿ.

ಆಮೇಲೆ ಪಾದ ತಿರುಗಿಸಿ ನೋಡಿ. ಬೆರಳಿಗೆ ದಾರವೋ ಕೂದಲೋ ಸುತ್ತಿಕೊಂಡಿರಬಹುದು. ಅಂಗಾಲು ಊದಿ ಕಪ್ಪು ಹೊಪ್ಪಳೆ ಕಟ್ಟಿದ್ದರೆ ಮುಳ್ಳು ಚುಚ್ಚಿ ಕೀವಾಗಿದೆ ಎಂದರ್ಥ. ಕೊಟ್ಟಿಗೆಯಲ್ಲಿ ಹಸುವೇ ತುಳಿದಿರಬಹುದು. ದಿನ ಬಿಟ್ಟು ದಿನ ಮೊಟ್ಟೆ ಇಡುತ್ತಿದ್ದ ಕೋಳಿ, ಈಚೆಗೆ ತೆಳು ಚಿಪ್ಪಿನ ಮೊಟ್ಟೆ ಇಡುತ್ತಾ ಕೂತಿದ್ದರೆ ಅದಕ್ಕೂ ಸುಣ್ಣದಂಶದ ಕೊರತೆ ಇರಬಹುದು. ಮೊಟ್ಟೆ ಚಿಪ್ಪನ್ನು ಒಣಗಿಸಿ, ಹುರಿದು, ಪುಡಿ ಮಾಡಿ ಮೇವಿಗೆ ಬೆರೆಸಿ. ಮುಕ್ಕಿದರೂ ಮೊಟ್ಟೆ ಬರದಿದ್ದರೆ ಉಗುರು ಬೆಚ್ಚಗಿನ ನೀರಲ್ಲಿ ಹಿಂಭಾಗ ಮುಳುಗುವಂತೆ 15-20 ನಿಮಿಷ ಕೂರಿಸಿ. ಆಗಲೂ ಬರದಿದ್ದರೆ ವೈದ್ಯರಿಗೆ ತೋರಿಸಿ. ಒತ್ತಿ ತೆಗೆಯಲು ಹೋಗಬೇಡಿ, ಒಳಗೇ ಒಡೆಯುತ್ತದೆ.

ಎರಡು ಮೂರು ತಿಂಗಳ ಮರಿ ಒಂದು ಕಾಲು ಮುಂದೆ, ಒಂದು ಕಾಲು ಹಿಂದೆ ಚಾಚಿ ಬಿದ್ದಿದ್ದರೆ ಮಾರೆಕ್ಸ್ ರೋಗದ ಅನುಮಾನ. ಇದಕ್ಕೂ ಔಷಧಿಯಿಲ್ಲ. ಮೊಟ್ಟೆಯಿಂದ ಹೊರಬಂದ ದಿನವೇ ಮರಿ ಕೇಂದ್ರದಲ್ಲಿ ಲಸಿಕೆ ಹಾಕುತ್ತಾರೆ. ಗಿರಿರಾಜವೋ ಸ್ವರ್ಣಧಾರವೋ, ಮರಿ ಕೊಳ್ಳುವಾಗ "ಮಾರೆಕ್ಸ್ ಲಸಿಕೆ ಆಗಿದೆಯಾ?" ಎಂದು ಕೇಳಿಯೇ ದುಡ್ಡು ಕೊಡಿ.

ಒಂದಕ್ಕಿಂತ ಹೆಚ್ಚು ಕೋಳಿ ಮಂಕಾಗಿ, ಬಾಯಿ ತೆರೆದು ಉಸಿರಾಡುತ್ತಾ, ಹಸಿರು ಹಿಕ್ಕೆ ಹಾಕುತ್ತಾ, ಕತ್ತು ತಿರುಚಿದರೆ ಕೊಕ್ಕರೆ ರೋಗವೆಂದೇ ಎಚ್ಚರ ವಹಿಸಿ. ಮುಖ ಊದಿ, ಜುಟ್ಟು ನೀಲಿಗಟ್ಟಿ, ಇದ್ದಕ್ಕಿದ್ದಂತೆ ಸಾಲಾಗಿ ಸತ್ತರೆ ಹಕ್ಕಿ ಜ್ವರವೂ ಇರಬಹುದು. ಅದು ನಮಗೂ ಅಂಟುವ ಕಾಯಿಲೆ. ಬರಿಗೈಲಿ ಮುಟ್ಟದೆ, ಮಕ್ಕಳನ್ನು ಹತ್ತಿರ ಬಿಡದೆ, ಅವತ್ತೇ ಪಶು ಆಸ್ಪತ್ರೆಗೆ ತಿಳಿಸಿ. 1962ಕ್ಕೆ ಕರೆ ಮಾಡಿದರೂ ಆಗುತ್ತದೆ. ಕಾಯಿಲೆ ಯಾವುದೆಂದು ಗೊತ್ತಾಗುವವರೆಗೆ ಕೊಯ್ಯಬೇಡಿ, ಒಂದನ್ನೂ ಸಂತೆಗೆ ಒಯ್ಯಬೇಡಿ. ರೋಗದಿಂದ ಸತ್ತದ್ದನ್ನು ಆಳವಾಗಿ ಗುಂಡಿ ತೋಡಿ, ಸುಣ್ಣ ಹಾಕಿ ಹೂಳಿ. ಕೆರೆಗೆ, ಚರಂಡಿಗೆ, ತಿಪ್ಪೆಗೆ ಎಸೆಯಬೇಡಿ.

ಇನ್ನೊಂದು ಮಾತು. ಹಸುವಿಗೆ ತಂದು ಉಳಿದ ಇಂಜೆಕ್ಷನ್ನನ್ನು, ಮನೆಯವರ ನೋವಿನ ಮಾತ್ರೆಯನ್ನು ಕೋಳಿಗೆ ಹಾಕಬೇಡಿ. ಕೆಚ್ಚಲು ಬಾವಿಗೆ ಔಷಧಿ ಕೊಟ್ಟ ಹಸುವಿನ ಹಾಲನ್ನು ನಾವು ಡೇರಿಗೆ ಹಾಕುವುದಿಲ್ಲ. ಔಷಧಿ ತಿಂದ ಕೋಳಿಯ ಮೊಟ್ಟೆಗೂ ಅದೇ ನಿಯಮ. ಎಷ್ಟು ದಿನ ಎಂದು ವೈದ್ಯರನ್ನೇ ಕೇಳಿ.

"ಹತ್ತು ಕೋಳಿಗೆ ಇಷ್ಟೆಲ್ಲ ಮಾಡೋಕಾಗುತ್ತಾ?" ಎಂದು ನೀವು ಕೇಳಬಹುದು. ಕೇಳಬೇಕಾದ ಮಾತೇ. ಕೊಕ್ಕರೆ ರೋಗದ ಲಸಿಕೆಯ ಒಂದು ಸಣ್ಣ ಸೀಸೆಯಲ್ಲೇ 100 ಕೋಳಿಗಾಗುವಷ್ಟು ಇರುತ್ತದೆ. ಐಸ್‌ನಲ್ಲಿಟ್ಟೇ ತರಬೇಕು, ಕರಗಿಸಿದ ಮೇಲೆ ಒಂದೆರಡು ಗಂಟೆಯೊಳಗೆ ಮುಗಿಸಬೇಕು. ಹತ್ತು ಕೋಳಿ ಇರುವವಳು ಉಳಿದ 90 ಡೋಸು ಚೆಲ್ಲಬೇಕಾಗುತ್ತದೆ. ಅದಕ್ಕೇ ಯಾರೂ ಹಾಕಿಸುವುದಿಲ್ಲ.

ಆದರೆ ಒಂದು ಲೀಟರ್ ಹಾಲು ಹಿಡಿದುಕೊಂಡು ಒಬ್ಬೊಬ್ಬಳೇ ಪಟ್ಟಣಕ್ಕೆ ಹೋಗಲು ಆಗುತ್ತಿತ್ತೇ? ಆಗುವುದಿಲ್ಲ ಎಂದೇ ಅಲ್ಲವೇ ಸಂಘ ಕಟ್ಟಿಕೊಂಡಿದ್ದು? ಹತ್ತು ಮನೆ ಸೇರಿದರೆ ಒಂದು ಸೀಸೆ ಖಾಲಿಯಾಗುತ್ತದೆ. ಮರಿಗೆ 5ರಿಂದ 7ನೇ ದಿನದೊಳಗೆ ಕಣ್ಣಿಗೋ ಮೂಗಿಗೋ ಒಂದು ಹನಿ, ಎರಡು ತಿಂಗಳ ಹೊತ್ತಿಗೆ ರೆಕ್ಕೆಯ ಕೆಳಗೆ ಒಂದು ಚುಚ್ಚುಮದ್ದು. ರೋಗ ಕಾಣಿಸದ ಕೋಳಿಗಷ್ಟೇ ಹಾಕಿಸಬೇಕು.

ಕಾಲುಬಾಯಿ ಜ್ವರದ ಲಸಿಕೆಗೆ ಆರು ತಿಂಗಳಿಗೊಮ್ಮೆ ಹಸು ಹಿಡಿದು ನಿಲ್ಲುವ ನಾವು, ಕೋಳಿ ಲಸಿಕೆಗೂ ಒಂದು ದಿನ ಗೊತ್ತು ಮಾಡಿ ಎಂದು ಸಂಘವನ್ನು ಕೇಳಬೇಕು ಎನ್ನುವುದು ನನ್ನ ಅಭಿಪ್ರಾಯ. ಹಾಲು ಹಾಕದ ಮನೆಯವರನ್ನೂ ಅವತ್ತು ಕರೆಯಬೇಕು. ರೋಗ ಸದಸ್ಯತ್ವದ ಪುಸ್ತಕ ನೋಡಿ ಬರುವುದಿಲ್ಲ. ಕಾರ್ಯದರ್ಶಿಯವರಿಗೆ ಬೇಕಾಗುವುದು ಒಂದು ಪಟ್ಟಿ, ಪಶು ಆಸ್ಪತ್ರೆಗೆ ಒಂದು ಫೋನು, ಬೆಳಗಿನ ಹಾಲು ಮುಗಿದ ಮೇಲೆ ಡೇರಿ ಜಗಲಿಯಲ್ಲಿ ಒಂದು ಗಂಟೆ.

ಹಾಲಿನ ಬಟವಾಡೆ ಮನೆಯ ಸಾಲಕ್ಕೆ, ಹಿಂಡಿಗೆ ಹೋಗುತ್ತದೆ. ಮೊಟ್ಟೆ ದುಡ್ಡು ಮಾತ್ರ ನಮ್ಮ ಸೆರಗಿನ ಗಂಟಿನಲ್ಲಿ ಉಳಿಯುತ್ತದೆ. ಅದನ್ನು ಕಾಯುವವರು ನಾವೇ ಆಗಬೇಕು. ಮುಂದಿನ ಸಭೆಯಲ್ಲಿ ನೀವು ಮಾತು ತೆಗೆಯಿರಿ. ನಮ್ಮ ಸಂಘದಲ್ಲಿ ನಾನು ತೆಗೆಯುತ್ತೇನೆ. ಪಟ್ಟಿಯ ಮೊದಲ ಹೆಸರು ಪಕ್ಕದ ಮನೆಯ ಅಕ್ಕನದು.

– ನಿಮ್ಮಂತೆಯೇ ಒಬ್ಬ ಹಾಲು ಉತ್ಪಾದಕಿ