ಪಲ್ಲವಿ ಉಳಿದು ಚರಣವಳಿದ ಹಾಡು

ಮರೆತ ಹಾಡನ್ನು ಹುಡುಕಿ ತೆಗೆದು ಸಭೆಯಲ್ಲಿ ಹಾಡುವುದು ಒಳ್ಳೆಯ ಕಾರ್ಯವೆಂದು ಎಲ್ಲರೂ ಒಪ್ಪುವರು. ಆದರೆ ಹಾಡು ಪೂರ್ತಿಯಾಗಿ ಮರೆತುಹೋಗುವುದು ಯಾವಾಗಲೂ ಅಲ್ಲ. ಎಷ್ಟೋ ಸಲ ಪಲ್ಲವಿಯು ನಾಲಗೆಯ ಮೇಲೆ ಉಳಿದು, ಚರಣಗಳು ಅಳಿಯುತ್ತವೆ. ಅವುಗಳ ಸಂಗಡ ಹಾಡಿನ ಅರ್ಥವೂ ಅಳಿಯುತ್ತದೆ.

ಇಂಗ್ಲೆಂಡಿನ ಮ್ಯೂಸಿಕ್ ಹಾಲುಗಳನ್ನು ನೋಡಿರಿ. ಪಾನಗೃಹಗಳ ಹಾಡುಕೂಟಗಳಿಂದ ಬೆಳೆದ ಈ ವಿನೋದಶಾಲೆಗಳಲ್ಲಿ ಗಾಯಕರು ಚರಣವನ್ನು ಹಾಡುತ್ತಿದ್ದರು. ನೆರೆದ ಜನರು ಪಲ್ಲವಿಯನ್ನು ಒಕ್ಕೊರಲಿನಿಂದ ಹೇಳುತ್ತಿದ್ದರು. ಜನರ ಬಾಯಲ್ಲಿ ಪಲ್ಲವಿಯೇ ಉಳಿದುದು ಆಶ್ಚರ್ಯವಲ್ಲ. 1919ರಲ್ಲಿ ಚಾರ್ಲ್ಸ್ ಕಾಲಿನ್ಸ್, ಫ್ರೆಡ್ ಲೀ ಎಂಬವರು ರಚಿಸಿದ ‘ಮೈ ಓಲ್ಡ್ ಮ್ಯಾನ್’ ಎಂಬ ಹಾಡನ್ನು ಪ್ರಖ್ಯಾತ ಗಾಯಕಿ ಮೇರಿ ಲಾಯ್ಡ್ (1870–1922) ಜನಪ್ರಿಯಗೊಳಿಸಿದಳು. ಗಂಡನು ಸಾಮಾನಿನ ಗಾಡಿಯೊಡನೆ ಮುಂದೆ ಹೋಗುವನು. ಹೆಂಡತಿಯು ಸಾಕಿದ ಹಕ್ಕಿಯೊಡನೆ ಹಿಂದೆ ನಡೆದು, ತಡಮಾಡಿ, ದಾರಿ ತಪ್ಪುವಳು. ಪಲ್ಲವಿಯ ವಿನೋದ ಇಷ್ಟೇ. ಅದರ ರಾಗಕ್ಕೆ ಕಾಲ್ಚೆಂಡಾಟದ ಪ್ರೇಕ್ಷಕರು ಈಗ ತಮ್ಮ ಮಾತುಗಳನ್ನೂ ಕೂಡಿಸಿಕೊಂಡಿರುವರು. ಚರಣವಾದರೋ ಬೇರೊಂದನ್ನು ತಿಳಿಸುತ್ತದೆ: ಅವರು ಬಾಡಿಗೆ ಕೊಡಲಾರದೆ, ಕತ್ತಲಾದ ಮೇಲೆ ಮನೆ ಬಿಟ್ಟವರು, ಗಾಡಿ ತುಂಬಿ ಅವಳಿಗೆ ಸ್ಥಳವೇ ಉಳಿಯಲಿಲ್ಲ. ಇದನ್ನರಿತು ನಗುವ ನಗು ಬೇರೆ. 1907ರ ಕಲಾವಿದರ ಮುಷ್ಕರದಲ್ಲಿ, ತನಗೆ ದೊಡ್ಡ ಸಂಪಾದನೆ ಇದ್ದರೂ ಅಲ್ಪ ವೇತನದವರ ಪಕ್ಷ ವಹಿಸಿದ ಮೇರಿ ಲಾಯ್ಡಳಿಗೆ ಈ ಬಡತನವು ಅಪರಿಚಿತವಾಗಿರಲಿಲ್ಲ.

ಪಾನಗೃಹದ ಮೂಲದ ಹಾಡು ನಮ್ಮ ಹೆಣ್ಣುಮಕ್ಕಳಿಗೆ ತಕ್ಕುದೇ ಎಂದು ತಂದೆತಾಯಿಗಳು ಕೇಳಬಹುದು. ಪ್ರಶ್ನೆ ನ್ಯಾಯವಾದುದು. ಪೂರ್ವ ಲಂಡನ್ನಿನಲ್ಲಿ 1859ರಲ್ಲಿ ತೆರೆದ ವಿಲ್ಟನ್ಸ್ ಹಾಲನ್ನು 1888ರಲ್ಲಿ ಮೆಥೊಡಿಸ್ಟ್ ಮಿಷನ್ನಿನವರು ಕೊಂಡು, 1956ರ ವರೆಗೆ ನಡೆಸಿದರು. 1889ರಲ್ಲಿ ಬಂದರಿನ ಕೂಲಿಗಳು ಮುಷ್ಕರ ಹೂಡಿದಾಗ ಹಸಿದವರಿಗೆ ಅಲ್ಲಿಯೇ ಊಟ ಬಡಿಸಿದರು. ಹಾಡು ಕೇಳಲು ಜನರು ನೆರೆಯುತ್ತಿದ್ದ ಆ ಕೇರಿಯ ಬಡತನವನ್ನು ಮಿಷನ್ನಿನವರು ಕಣ್ಣಾರೆ ಕಂಡಿದ್ದರು. ಅಂಥ ಬಡವರ ಬಾಳನ್ನು ತಿಳಿಸುವ ಹಾಡನ್ನು ಅದರ ಹುಟ್ಟಿದೆಡೆಯ ನಿಮಿತ್ತ ದೂರವಿಡಬೇಕಾಗಿಲ್ಲ. ಆ ಕಾಲದ ಹಾಡುಗಳೆಲ್ಲವೂ ಹಾಡತಕ್ಕವಲ್ಲ ಎಂಬುದೂ ನಿಜ. ಪರಜನರನ್ನು ಹೀಯಾಳಿಸುವವೂ ಉಂಟು. ಅಂಥವನ್ನು ಬಿಟ್ಟುಬಿಡೋಣ. ಆದರೆ ಆಯ್ದ ಹಾಡಿನಿಂದ ನೋವಿನ ಭಾಗವನ್ನು ತೆಗೆದು ನಗೆಯನ್ನು ಮಾತ್ರ ಇಡುವುದು, ಹರಕು ಟೊಪ್ಪಿಗೆ ಧರಿಸಿ ಬಡವಳನ್ನು ಅಣಕಿಸುವುದು, ಹಾಡನ್ನು ಎರಡನೆಯ ಸಲ ಮರೆತಂತೆಯೇ ಸರಿ.

ಪ್ರಿಯ ಸೋದರಿಯರೇ, ಹಳೆಯ ಹಾಡನ್ನು ವೇದಿಕೆಗೆ ತರುವವರಲ್ಲಿ ನನ್ನ ಅರಿಕೆ ಇಷ್ಟೆ. ರಚಿಸಿದವರಾರು, ಹಾಡಿದವರಾರು, ಕೇಳಿದವರಾರು ಎಂಬುದನ್ನು ಮೊದಲು ಎರಡು ಮಾತಿನಲ್ಲಿ ತಿಳಿಸಿರಿ. ಚರಣಗಳೆಲ್ಲವನ್ನೂ ಮಾತು ತಿಳಿಯುವಂತೆ ನಿಧಾನವಾಗಿ ಹಾಡಿರಿ. ಪಲ್ಲವಿಯನ್ನು ಸಭಿಕರಿಗೆ ಬಿಡಿರಿ; ಅದು ಮೊದಲಿನಿಂದಲೂ ಅವರದೇ.