ಧೋತರ ಉಟ್ಟವನಿಗೆ ಬಾಗಿಲಿಲ್ಲವೇ?

ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರಿನ ಕನ್ನಡ ಬಂಧುಗಳೇ,

ಬೆಂಗಳೂರಿನಲ್ಲಿ ದುಡಿಯುವ ಮಗ "ಅಪ್ಪಾ, ಈ ಸಲ ಬಂದರ ಮಾಲ್ ತೋರಸ್ತೀನಿ" ಅಂದರೆ ನೀವು ಏನು ಉಟ್ಟು ಹೊರಡುತ್ತೀರಿ? ಟ್ರಂಕಿನಲ್ಲಿ ಮಡಿಸಿಟ್ಟ ಬಿಳಿ ಧೋತರ, ಮೇಲೊಂದು ಬಿಳಿ ಅಂಗಿ. ಜಾತ್ರೆಗೂ ಅದೇ, ಬೀಗರ ಮನೆಗೂ ಅದೇ.

2024ರ ಜುಲೈ 16ರಂದು ನಮ್ಮ ಹಾವೇರಿ ಜಿಲ್ಲೆಯ ಹಿರಿಯ ರೈತರೊಬ್ಬರು ಹಾಗೆಯೇ ಹೊರಟರು. ಮಗ ಸಿನಿಮಾ ಟಿಕೆಟ್ ತೆಗೆಸಿದ್ದ. ಬೆಂಗಳೂರಿನ ಮಾಗಡಿ ರಸ್ತೆಯ ಜಿ.ಟಿ. ಮಾಲ್ ಬಾಗಿಲಲ್ಲಿ ಕಾವಲುಗಾರ ಅಡ್ಡ ನಿಂತ. ಪಂಚೆ ಉಟ್ಟವರನ್ನು ಒಳಗೆ ಬಿಡುವುದಿಲ್ಲವಂತೆ, ಪ್ಯಾಂಟು ತೊಟ್ಟು ಬರಬೇಕಂತೆ! (ನಮ್ಮ ಧೋತರಕ್ಕೆ ಆ ಕಡೆ ಪಂಚೆ ಅನ್ನುತ್ತಾರೆ, ಅವಮಾನಕ್ಕೆ ಎರಡೂ ಕಡೆ ಒಂದೇ ಹೆಸರು.) ಆಗ ರಾಜ್ಯದ ಮುಖ್ಯಮಂತ್ರಿಯಾಗಿದ್ದ ಸಿದ್ದರಾಮಯ್ಯನವರು ಪಂಚೆಯಲ್ಲೇ ವಿಧಾನಸೌಧಕ್ಕೆ ಹೋಗಿ ಬರುತ್ತಿದ್ದರು. ವಿಧಾನಸೌಧಕ್ಕೆ ಸಲ್ಲುವ ಪಂಚೆ ಮಾಲಿಗೆ ಸಲ್ಲದೇ?

ಕಾವಲುಗಾರನನ್ನು ಬೈದು ಫಲವಿಲ್ಲ. ಅವನೂ ಹೊಟ್ಟೆಪಾಡಿಗೆ ನಿಂತವನು. ಪ್ಯಾಂಟು ತೊಟ್ಟವನೇ ಗಿರಾಕಿ, ಧೋತರದವನು ಬರೀ ಗುಂಪು ಎಂದು ತಣ್ಣನೆಯ ಕೋಣೆಯಲ್ಲಿ ಕೂತು ಲೆಕ್ಕ ಹಾಕಿದವನು ಯಾರು? ಆ ಗಾಜಿನ ಅಂಗಡಿಗಳಲ್ಲಿ ಸಾವಿರಾರು ರೂಪಾಯಿಗೆ ತೂಗುಹಾಕಿದ ಅಂಗಿಯ ಹತ್ತಿ ಬೆಳೆಯುವವರು ಯಾರು? ನಮ್ಮ ಹತ್ತಿ ಒಳಗೆ ಬರಬಹುದು, ನಾವು ಬರಬಾರದು!

ಶಿಗ್ಗಾಂವಿ ತಾಲ್ಲೂಕಿನ ಬಾಡದ ಕನಕದಾಸರಿಗೆ ಉಡುಪಿಯಲ್ಲಿ ಬಾಗಿಲು ತೆರೆಯಲಿಲ್ಲ, ದೇವರೇ ತಿರುಗಿ ನಿಂತ ಎಂದು ಹೇಳಿಕೊಂಡು ಬಂದಿದ್ದೇವೆ. ಮಾಲಿನ ದೇವರು ದುಡ್ಡು. ಅದು ತಾನಾಗಿ ತಿರುಗುವುದಿಲ್ಲ.

ಈ ಸಲ ಜನರೇ ತಿರುಗಿಸಿದರು. ರೈತರು, ಕನ್ನಡ ಸಂಘಟನೆಗಳು ಪಂಚೆ ಉಟ್ಟೇ ಮಾಲಿನ ಮುಂದೆ ನಿಂತವು. ಮಾಲೀಕರ ಮೇಲೂ ಪ್ರಕರಣ ದಾಖಲಾಯಿತು. ಏಳು ದಿನ ಮಾಲ್ ಮುಚ್ಚಿಸುವುದಾಗಿ ಸಚಿವ ಬೈರತಿ ಸುರೇಶ್ ಸದನದಲ್ಲೇ ಹೇಳಿದರು. ಮಾಲಿನವರು ಆ ಹಿರಿಯರಿಗೆ ಶಾಲು ಹೊದಿಸಿ ಕ್ಷಮೆ ಕೇಳಿದರು. ಸಂತೋಷ! ಆದರೆ ಆ ಗದ್ದಲ ಏಳದೇ ಹೋಗಿದ್ದರೆ? ಎಷ್ಟು ಅಪ್ಪಂದಿರು ಬಾಯಿಬಿಡದೆ ಮೆಟ್ಟಿಲಿಳಿದು ಹೋಗಿದ್ದಾರೋ, ಯಾರು ಬರೆದಿಟ್ಟಿದ್ದಾರೆ?

ನಾಮಫಲಕದಲ್ಲಿ ಶೇ. 60 ಕನ್ನಡ ಇರಬೇಕೆಂದು 2024ರಲ್ಲೇ ಕಾನೂನಿಗೆ ತಿದ್ದುಪಡಿಯಾಯಿತು. ಅದಕ್ಕಾಗಿ ಬೀದಿಗಿಳಿದವರಿಗೆ ನಮಸ್ಕಾರ. ಆದರೆ ಹಲಗೆಯ ಮೇಲೆ ಕನ್ನಡ, ಹಲಗೆಯ ಕೆಳಗೆ ಕನ್ನಡಿಗನಿಗೆ ತಡೆ ಎಂದರೆ ಆ ಅಕ್ಷರ ಯಾರ ಕಣ್ಣಿಗೆ? ಗೋಕಾಕ್ ವರದಿಯ ವಿನಾಯಕ ಕೃಷ್ಣ ಗೋಕಾಕರು ಹುಟ್ಟಿದ ಸವಣೂರಿನವರೇ, ನೀವೇ ಹೇಳಿ!

ಬೆಂಗಳೂರಿಗೆ ಹೋದಾಗ ಮಾಲಿಗೆ ಹೋಗಿ. ಧೋತರ ಉಟ್ಟೇ ಹೋಗಿ. ಮಗನ ಪ್ಯಾಂಟು ಎರವಲು ಕೇಳಬೇಡಿ. ಕನ್ನಡದಲ್ಲೇ ಬೆಲೆ ಕೇಳಿ. ಯಾರಾದರೂ ತಡೆದರೆ "ಆ ನಿಯಮ ಕನ್ನಡದಲ್ಲಿ ಬರೆದು ಸಹಿ ಹಾಕಿ ಕೊಡ್ರಿ" ಅನ್ನಿ. ಕೊಡದಿದ್ದರೆ ಹತ್ತಿರದ ಠಾಣೆಗೆ ಹೋಗಿ, ದೂರನ್ನೂ ಕನ್ನಡದಲ್ಲೇ ಬರೆದುಕೊಡಿ.