ಬೆಂಕಿ ಬಿದ್ದ ಮೇಲೆ ಬಾವಿ ತೋಡುವುದೇಕೆ?

ನಮ್ಮ ವಿಜಯನಗರದ ಪಕ್ಕದ ಪಾದರಾಯನಪುರದಲ್ಲಿ 2020ರ ಎಪ್ರಿಲ್ 19ರಂದು ನಡೆದದ್ದು ನೆನಪಿದೆಯೇ? ಕೊರೋನಾ ಸೋಂಕಿತರ ಸಂಪರ್ಕದಲ್ಲಿದ್ದವರನ್ನು ಕ್ವಾರಂಟೈನ್‌ಗೆ ಕರೆದೊಯ್ಯಲು ಪಾಲಿಕೆಯವರು ಬಂದಾಗ ಗಲಾಟೆಯಾಯಿತು. 50ಕ್ಕೂ ಹೆಚ್ಚು ಮಂದಿ ಬಂಧಿತರಾದರು. ಆ ವರ್ತನೆಗೆ ಸಮರ್ಥನೆಯಿಲ್ಲ. ಆದರೆ ಪಾಠವಿದೆ: ರೋಗ ಬಂದ ದಿನ ನಂಬಿಕೆ ಹುಟ್ಟುವುದಿಲ್ಲ, ಅದನ್ನು ಮೊದಲೇ ಬೆಳೆಸಬೇಕು.

2009ರಲ್ಲಿ ಜಗತ್ತಿಗೆಲ್ಲ ಹರಡಿದ ಎಚ್1ಎನ್1 ಫ್ಲೂ ನಮ್ಮನ್ನು ಬಿಟ್ಟು ಹೋಗಿಲ್ಲ. ಮಳೆಗಾಲ, ಚಳಿಗಾಲಗಳಲ್ಲಿ ಮರಳಿ ಬರುತ್ತದೆ. ಗರ್ಭಿಣಿಯರು, ವೃದ್ಧರು, ಪುಟ್ಟ ಮಕ್ಕಳು, ಸಕ್ಕರೆ ಕಾಯಿಲೆ ಮತ್ತು ಉಬ್ಬಸ ಇರುವವರಿಗೆ ಅಪಾಯ ಹೆಚ್ಚು. ಜ್ವರ ಶುರುವಾದ 2 ದಿನಗಳೊಳಗೆ ವೈದ್ಯರು ಕೊಡುವ ಫ್ಲೂ ಔಷಧಿ ಹೆಚ್ಚು ಫಲಕಾರಿ. ಆದ್ದರಿಂದ ತಡ ಮಾಡುವಂತಿಲ್ಲ.

ಮಸೀದಿ ಕಮಿಟಿ, ಮದ್ರಸ, ಮಹಿಳಾ ಸಂಘಗಳು ಈಗಲೇ ಮಾಡಬಹುದಾದ ಕೆಲಸಗಳಿವೆ. ಆಶಾ ಕಾರ್ಯಕರ್ತೆಯನ್ನು ಮಹಿಳೆಯರ ಇಜ್ತಿಮಾಗೆ ಒಮ್ಮೆ ಕರೆಯಿರಿ. ಮುಖ ಪರಿಚಯವಿದ್ದರೆ ಮುಂದೆ ಅವರು ಬಾಗಿಲು ತಟ್ಟಿದಾಗ ದಿಗಿಲಾಗದು. ಜ್ವರವಿದ್ದವರು ಮನೆಯಲ್ಲೇ ನಮಾಝ್ ಮಾಡಲಿ, ಮಗುವನ್ನು ಮದ್ರಸಕ್ಕೆ ಕಳಿಸದಿರಲಿ ಎಂದು ಜುಮಾದಲ್ಲಿ ತಿಳಿಸಲಿ. ಪ್ಲೇಗ್ ಹಬ್ಬಿದ ಊರಿಗೆ ಹೋಗಬಾರದು, ಅಲ್ಲಿರುವವರು ಓಡಿಹೋಗಬಾರದು ಎಂದು ಪ್ರವಾದಿ(ಸ) ಕಲಿಸಿದ್ದಾರಲ್ಲವೇ? ಆದರೆ ದಿನಗೂಲಿಯವನು ಮನೆಯಲ್ಲಿ ಉಳಿದರೆ ಒಲೆ ಉರಿಯುವುದು ಹೇಗೆ? ಆ ಮನೆಗೆ ರೇಷನ್ ತಲುಪಿಸುವವರು ಯಾರೆಂದು ಮೊದಲೇ ನಿಶ್ಚಯಿಸಬೇಕು.

ಯಾವ ಮನೆಯಲ್ಲಿ ತುಂಬು ಗರ್ಭಿಣಿ ಸೊಸೆಯಿದ್ದಾಳೆ, ಯಾವ ಅಜ್ಜಿ ಒಂಟಿಯಾಗಿದ್ದಾರೆ ಎಂಬುದು ಕಮಿಟಿಯ ಗಂಡಸರಿಗೆ ಗೊತ್ತಿರುವುದಿಲ್ಲ, ನಿಮಗೆ ಗೊತ್ತು. ಸಹೋದರಿಯರೇ, ಮುಂದಿನ ಜುಮಾದೊಳಗೆ ನಿಮ್ಮ ಗಲ್ಲಿಯ ಪಟ್ಟಿ ಬರೆದಿಡಿ.